ಆರು ಸಿಲಿಂಡರಿನ ಕೂಪೆ: ಕೊಳ್ಳುವುದು ಮತ್ತು ಉಳಿಸಿಕೊಳ್ಳುವುದು

ಎರಡೇ ಬಾಗಿಲು, ಹಿಂಬದಿಗೆ ಇಳಿಜಾರಾಗುವ ಚಾವಣಿ ಮತ್ತು ನೆಲಕ್ಕೆ ಹತ್ತಿರವಾದ ಮೈಕಟ್ಟು ಇರುವ ಕಾರನ್ನು ಕೂಪೆ ಎಂದು ಕರೆಯುವ ರೂಢಿಯಿದೆ. ಈ ವರ್ಗದಲ್ಲಿ ಆರು ಸಿಲಿಂಡರಿನ ಎಂಜಿನ್ ಹೊತ್ತು ಇಂದಿಗೂ ಹೊಸದಾಗಿ ತಯಾರಾಗುತ್ತಿರುವ ಮಾದರಿಗಳು ಹೆಚ್ಚಿಲ್ಲ. ಅವುಗಳ ಪೈಕಿ ಭಾರತದಲ್ಲಿಯೂ ಅಧಿಕೃತವಾಗಿ ಮಾರಾಟವಾಗುತ್ತಿರುವ ಬಿಎಂಡಬ್ಲ್ಯು ಎಂ2 ಒಂದು. ಮೆಕ್ಸಿಕೋದ ಸ್ಯಾನ್ ಲೂಯಿಸ್ ಪೊಟೋಸಿ ಕಾರ್ಖಾನೆಯಲ್ಲಿ ತಯಾರಾಗಿ ಪೂರ್ಣ ಸಿದ್ಧರೂಪದಲ್ಲಿ ಆಮದಾಗುವ ಈ ಕಾರಿನ ಎರಡನೆಯ ಪೀಳಿಗೆ 2023ರಲ್ಲಿ ಸುಮಾರು 98 ಲಕ್ಷ ರೂಪಾಯಿಗಳ ಎಕ್ಸ್-ಶೋರೂಂ ಬೆಲೆಯೊಂದಿಗೆ ಇಲ್ಲಿನ ಮಾರುಕಟ್ಟೆಗೆ ಬಂದಿತು. ಇಂಥ ಕಾರಿನ ವೇಗದ ಬಗ್ಗೆ ಬರೆಯುವವರು ಬಹಳ ಮಂದಿ. ಅದನ್ನು ಹಲವು ವರ್ಷ ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲು ಏನೇನು ಬೇಕು ಎಂಬುದು ಮಾತ್ರ ಚರ್ಚೆಗೆ ಬರುವುದು ಕಡಿಮೆ.

ಆರೈಕೆಯ ನಿಯಮಗಳು ಅರ್ಥವಾಗಬೇಕಾದರೆ ಮೊದಲು ಎಂಜಿನ್ನಿನ ಸ್ವಭಾವ ತಿಳಿದಿರಬೇಕು. ಎಂ2ನಲ್ಲಿರುವುದು 2993 ಸಿಸಿ ಗಾತ್ರದ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತಿರುವ, ಎರಡು ಟರ್ಬೊಗಳಿರುವ ಪೆಟ್ರೋಲ್ ಎಂಜಿನ್. ಇಲ್ಲಿ ಪಿಸ್ಟನ್‌ಗಳು ಎರಡೆರಡರ ಮೂರು ಜೋಡಿಗಳಾಗಿ ಏರಿಳಿಯುವುದರಿಂದ ಒಂದು ಜೋಡಿಯ ಚಲನೆಯಿಂದ ಹುಟ್ಟುವ ಅಲುಗಾಟವನ್ನು ಉಳಿದೆರಡು ಜೋಡಿಗಳು ಸರಿದೂಗಿಸುತ್ತವೆ. ಜೊತೆಗೆ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ 120 ಡಿಗ್ರಿ ತಿರುಗುವಷ್ಟರಲ್ಲಿ ಒಂದಲ್ಲ ಒಂದು ಸಿಲಿಂಡರಿನಲ್ಲಿ ಇಂಧನ ಉರಿಯುವುದರಿಂದ ಶಕ್ತಿ ಕಡಿದು ಕಡಿದು ಬಾರದೆ ಒಂದೇ ಧಾರೆಯಾಗಿ ಹರಿಯುತ್ತದೆ. ಆರು ಸಿಲಿಂಡರಿನ ಎಂಜಿನ್ನಿಗೆ ಸಿಗುವ ಮೆಚ್ಚುಗೆಯ ಮೂಲ ಈ ನಯದಲ್ಲಿದೆ. ಆದರೆ ಇದೇ ಎಂಜಿನ್ 2023ರ ಆವೃತ್ತಿಯಲ್ಲಿ 460 ಪಿಎಸ್ ಶಕ್ತಿ ಮತ್ತು 550 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತಿತ್ತು. ಇಷ್ಟು ಸಣ್ಣ ಗಾತ್ರದಿಂದ ಅಷ್ಟು ಶಕ್ತಿ ಹೊರಡುವಾಗ ಹುಟ್ಟುವ ಶಾಖವೂ ಅಗಾಧವಾಗಿರುತ್ತದೆ. ಈ ಕಾರಿನ ಆರೈಕೆಯ ಬಹುಪಾಲು ಆ ಶಾಖವನ್ನು ಹತೋಟಿಯಲ್ಲಿಡುವ ಕೆಲಸವೇ ಆಗಿದೆ.

ಹೊಸ ಕಾರಿನ ಮೊದಲ 2000 ಕಿಲೋಮೀಟರುಗಳನ್ನು ಪಳಗಿಸುವ ಅವಧಿ, ಅಂದರೆ ರನ್ನಿಂಗ್-ಇನ್ ಎನ್ನುತ್ತಾರೆ. ಪಿಸ್ಟನ್ ರಿಂಗ್‌ಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳುವುದು, ಗೇರುಗಳ ಹಲ್ಲುಗಳು ಒಂದರೊಡನೊಂದು ಕೂಡಿಕೊಳ್ಳುವುದು ಈ ಹಂತದಲ್ಲಿ. ಆದ್ದರಿಂದ ಈ ಅವಧಿಯಲ್ಲಿ ಎಂಜಿನ್ ನಿಮಿಷಕ್ಕೆ 5500 ಸುತ್ತುಗಳನ್ನೂ ಕಾರು ಗಂಟೆಗೆ 170 ಕಿಲೋಮೀಟರ್ ವೇಗವನ್ನೂ ದಾಟಬಾರದೆಂದು ತಯಾರಕರು ವಿಧಿಸುತ್ತಾರೆ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದೂ ಸಲ್ಲದು, ವೇಗ ಆಗಾಗ ಬದಲಾಗುತ್ತಿರಬೇಕು. ಹೊಸ ಟೈರುಗಳಿಗೆ ಪೂರ್ಣ ಹಿಡಿತ ಬರಲು ಸುಮಾರು 300 ಕಿಲೋಮೀಟರ್, ಬ್ರೇಕ್ ಪ್ಯಾಡುಗಳು ಡಿಸ್ಕಿಗೆ ಒಗ್ಗಲು ಸುಮಾರು 500 ಕಿಲೋಮೀಟರ್ ಬೇಕಾಗುತ್ತದೆ. ಅವಧಿ ಮುಗಿದ ಕೂಡಲೇ ಎಂಜಿನ್ ಆಯಿಲನ್ನು ಬದಲಾಯಿಸಲಾಗುತ್ತದೆ, ಏಕೆಂದರೆ ಭಾಗಗಳು ಉಜ್ಜಿಕೊಂಡಾಗ ಉದುರಿದ ಲೋಹದ ಸೂಕ್ಷ್ಮ ಕಣಗಳು ಅದರಲ್ಲಿ ಸೇರಿರುತ್ತವೆ. ಸಾಮಾನ್ಯ ಕಾರುಗಳಲ್ಲಿ ಅಷ್ಟಾಗಿ ಒತ್ತಾಯಿಸದ ಈ ಸರ್ವಿಸನ್ನು ಇಲ್ಲಿ ತಪ್ಪಿಸುವಂತಿಲ್ಲ.

ಬಳಿಕದ ದಿನಚರಿಯಲ್ಲಿಯೂ ಶಾಖದ ಲೆಕ್ಕವೇ ಮುಖ್ಯ. ತಣ್ಣಗಿರುವ ಆಯಿಲ್ ದಪ್ಪವಾಗಿದ್ದು ಎಲ್ಲ ಸಂದುಗಳಿಗೂ ಸಮನಾಗಿ ತಲುಪಲು ಸಮಯ ಹಿಡಿಯುವುದರಿಂದ, ಆಯಿಲ್ ತಕ್ಕಷ್ಟು ಬಿಸಿಯಾಗುವವರೆಗೆ ಆಕ್ಸಿಲರೇಟರನ್ನು ಪೂರ್ತಿ ಒತ್ತಬಾರದು. ಅಂತೆಯೇ ಜೋರಾಗಿ ಓಡಿಸಿದ ಬಳಿಕ ಕೊನೆಯ ಒಂದೆರಡು ಕಿಲೋಮೀಟರುಗಳನ್ನು ನಿಧಾನವಾಗಿ ಸಾಗಿದರೆ ಟರ್ಬೊಗಳ ಬಿಸಿ ತಗ್ಗುತ್ತದೆ. ಪೆಟ್ರೋಲಿನ ಆಯ್ಕೆಯೂ ಇದಕ್ಕೇ ಸಂಬಂಧಿಸಿದ್ದು. ಒತ್ತಡಕ್ಕೆ ಸಿಕ್ಕಾಗ ಇಂಧನ ಹೊತ್ತಿಗೆ ಮೊದಲೇ ತಾನಾಗಿ ಉರಿದುಬಿಡದಂತೆ ತಡೆಯುವ ಗುಣವನ್ನು ಆಕ್ಟೇನ್ ಸಂಖ್ಯೆ ಸೂಚಿಸುತ್ತದೆ. ಭಾರತದ ಬಂಕುಗಳಲ್ಲಿ ಸಿಗುವ ಸಾಧಾರಣ ಪೆಟ್ರೋಲಿಗೆ ಹಿಂದೆ ನಿಗದಿಯಾಗಿದ್ದ ಕನಿಷ್ಠ ಆಕ್ಟೇನ್ 91 ಆಗಿತ್ತು, ಆದರೆ ಇಂಥ ಎಂಜಿನ್ನುಗಳಿಗೆ 95 ಅಥವಾ ಅದಕ್ಕಿಂತ ಹೆಚ್ಚಿನದು ಬೇಕು. ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿದರೆ ಎಂಜಿನ್ನಿನ ಸೆನ್ಸರುಗಳು ಕಿಡಿಯ ಸಮಯವನ್ನು ತಡಮಾಡಿ ಅಪಾಯವನ್ನು ತಪ್ಪಿಸಲು ಯತ್ನಿಸುತ್ತವೆಯಾದರೂ, ದುಡ್ಡು ಕೊಟ್ಟು ಪಡೆದ ಶಕ್ತಿಯಲ್ಲಿ ಒಂದು ಪಾಲು ಹಾಗೆಯೇ ಸೋರಿಹೋಗುತ್ತದೆ.

ಹೆಚ್ಚು ಖರ್ಚು ಹುಟ್ಟುವುದು ಟೈರುಗಳಲ್ಲಿ. ಮುಂದಿನ ಚಕ್ರಗಳದು 19 ಇಂಚು, ಹಿಂದಿನವು 20 ಇಂಚು ಮತ್ತು ಇನ್ನಷ್ಟು ಅಗಲ. ಹೀಗಾಗಿ ಸಾಮಾನ್ಯ ಕಾರುಗಳಲ್ಲಿ ಮಾಡುವಂತೆ ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿ ಸವೆತವನ್ನು ಹಂಚುವಂತಿಲ್ಲ, ಎಂಜಿನ್ನಿನ ಬಲವನ್ನೆಲ್ಲ ರಸ್ತೆಗೆ ಮುಟ್ಟಿಸುವ ಹಿಂದಿನ ಜೋಡಿ ಬೇಗನೆ ಸವೆಯುತ್ತದೆ. ಹೊಸ ಟೈರು ಕೊಳ್ಳುವಾಗ ಅದರ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಬೇಕು: 3524 ಎಂದಿದ್ದರೆ ಅದು 2024ನೆಯ ಇಸವಿಯ 35ನೆಯ ವಾರದಲ್ಲಿ ತಯಾರಾದದ್ದು. ತೆಳುವಾದ ಪಕ್ಕೆಯ ಈ ಟೈರುಗಳು ಗುಂಡಿಗೆ ಬಿದ್ದರೆ ಉಬ್ಬಿಕೊಳ್ಳುತ್ತವೆ, ರಿಮ್ ಬಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನಕದಂತೆ ರಸ್ತೆಯುಬ್ಬು 3.7 ಮೀಟರ್ ಅಗಲ ಮತ್ತು 10 ಸೆಂಟಿಮೀಟರ್ ಎತ್ತರ ಇರಬೇಕಾದರೂ, ಊರೂರಿನಲ್ಲಿ ಮನಬಂದಂತೆ ಹಾಕಿದ ಹಂಪುಗಳು ಈ ಅಳತೆಯನ್ನು ಪಾಲಿಸುವುದು ಅಪರೂಪ. ಅಲ್ಲಿ ಕಾರನ್ನು ಓರೆಯಾಗಿ ಹತ್ತಿಸುವುದೊಂದೇ ಅದರ ಹೊಟ್ಟೆ ತಾಗದಂತೆ ಉಳಿಸುವ ಉಪಾಯ. ಇನ್ನು ಬ್ರೇಕ್ ದ್ರವ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ತೇವ ಸೇರಿದ ಮೇಲೆ ಈ ಮಿತಿ 155 ಡಿಗ್ರಿಯವರೆಗೂ ಇಳಿಯಬಹುದು. ಘಾಟಿಯ ಇಳಿಜಾರಿನಲ್ಲಿ ದ್ರವ ಕುದಿದರೆ ಪೆಡಲ್ ಒಳಕ್ಕೆ ಕುಸಿಯುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸಬೇಕೆಂಬ ರೂಢಿಗೆ ಇದೇ ಕಾರಣ.

ಹಣದ ಲೆಕ್ಕ ಶೋರೂಮಿನ ಬೆಲೆಗೆ ಮುಗಿಯುವುದಿಲ್ಲ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗೂ ಹೆಚ್ಚು ಬೆಲೆಯ ಪೆಟ್ರೋಲ್ ಕಾರಿಗೆ ಶೇಕಡಾ 18ರಷ್ಟು ಜೀವಾವಧಿ ತೆರಿಗೆಯೂ ಆ ತೆರಿಗೆಯ ಮೇಲೆ ಶೇಕಡಾ 11ರಷ್ಟು ಸೆಸ್ಸೂ ಬೀಳುತ್ತದೆ. ಅಂದರೆ ಒಂದು ಕೋಟಿ ರೂಪಾಯಿಯ ಕಾರಿಗೆ ಸುಮಾರು 20 ಲಕ್ಷ ರೂಪಾಯಿ ಇದಕ್ಕೇ ಸಲ್ಲುತ್ತದೆ. ವಿಮೆ ಮಾಡಿಸುವಾಗ ಬಿಡಿಭಾಗಗಳ ಸವಕಳಿಯನ್ನು ಕಳೆಯದೆ ಪರಿಹಾರ ಕೊಡುವ ಝೀರೊ ಡೆಪ್ರಿಸಿಯೇಷನ್ ಸೌಲಭ್ಯ ಹಾಗೂ ನೀರು ನುಗ್ಗಿ ಎಂಜಿನ್ ಕೆಟ್ಟರೆ ಭರಿಸುವ ಸೌಲಭ್ಯ ಎರಡನ್ನೂ ಸೇರಿಸಿಕೊಳ್ಳುವುದು, ಮಳೆಗಾಲದಲ್ಲಿ ಅಂಡರ್‌ಪಾಸುಗಳು ತುಂಬುವ ಬೆಂಗಳೂರಿನಂಥ ನಗರದಲ್ಲಿ, ಅನಗತ್ಯ ಖರ್ಚಲ್ಲ. ವಾರಗಟ್ಟಲೆ ಹೊರತೆಗೆಯದ ಕಾರಿನ ಬ್ಯಾಟರಿ ಇಳಿದುಹೋಗುತ್ತದೆ, ಇಲಿಗಳು ವೈರು ಕಡಿಯುತ್ತವೆ. ಆದುದರಿಂದ ಕಾರನ್ನು ಮುಚ್ಚಿಟ್ಟು ಕಾಪಾಡುವುದಕ್ಕಿಂತ ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸುವುದೇ ಮೇಲು.

ಒಟ್ಟಿನಲ್ಲಿ, ಇಂಥ ಕಾರನ್ನು ಕೆಡಿಸುವುದು ವೇಗಕ್ಕಿಂತ ಹೆಚ್ಚಾಗಿ ಉಪೇಕ್ಷೆ. ಕೊಳ್ಳಲು ಮುಂದಾಗುವವರು ಮಾಸಿಕ ಕಂತಿನ ಜೊತೆಗೆ ಎರಡು ಜೋಡಿ ಟೈರು, ಸಕಾಲದ ಆಯಿಲ್ ಮತ್ತು ಬ್ರೇಕ್ ದ್ರವ, ಪೂರ್ಣ ವಿಮೆ ಇವುಗಳಿಗೂ ಪ್ರತ್ಯೇಕವಾಗಿ ಹಣ ಎತ್ತಿಡಲು ಸಾಧ್ಯವೇ ಎಂದು ಮೊದಲು ಲೆಕ್ಕ ಹಾಕಬೇಕು. ಅದು ಸಾಧ್ಯವಿಲ್ಲದಿದ್ದರೆ ಇದಕ್ಕಿಂತ ಚಿಕ್ಕ ಕಾರನ್ನು ಆರಿಸಿಕೊಳ್ಳುವುದು ಜಾಣತನ.