ಗೇರುಸಿಪ್ಪೆಯ ಎಣ್ಣೆಯೂ ಘಟ್ಟವಿಳಿಯುವ ಲಾರಿಯೂ

ದುಡಿಯುವ ಲಾರಿಯ ಮಟ್ಟಿಗೆ ಮಂಗಳೂರು ಕರುಣೆಯಿಲ್ಲದ ಊರು. ಜೂನಿನಿಂದ ಸಪ್ಟೆಂಬರಿನವರೆಗೆ 3000 ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆ, ವರ್ಷವಿಡೀ ಕಡಲಿನಿಂದ ಬೀಸುವ ಲವಣಮಿಶ್ರಿತವಾದ ಗಾಳಿ, ಮುರಕಲ್ಲಿನ ಕೆಂಪು ಕೆಸರು ಇವಿಷ್ಟು ಸಾಲದೆಂಬಂತೆ, ಧಕ್ಕೆಯಲ್ಲಿ ಬೂತಾಯಿ ಬಂಗುಡೆಗಳನ್ನು ಹೇರಿಕೊಂಡು ಹೊರಟ ಗಾಡಿಯ ಮೈಯಿಂದ ಜಿನುಗುವ ಮಂಜುಗಡ್ಡೆಯ ನೀರು ಬೇರೆ. ಬಣ್ಣದ ಪದರದ ಮೇಲೆ ಉಗುರಿನಷ್ಟು ಗೀರು ಬಿದ್ದರೂ ಸಾಕು, ಉಪ್ಪು ಅದರೊಳಗೆ ನುಸುಳಿ, ತಗಡಿಗೂ ಬಣ್ಣಕ್ಕೂ ನಡುವೆ ತುಕ್ಕನ್ನು ಹಬ್ಬಿಸಿ, ಮೇಲಿನ ಹೊಳಪನ್ನೆಲ್ಲ ಗುಳ್ಳೆಯೆಬ್ಬಿಸಿ ಕಳಚಿಬಿಡುವುದು.

ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು 1914ರಲ್ಲಿ ಈ ಊರಿನಿಂದ ಬಸ್ಸು ಹೊರಡಿಸಿದಂದಿನಿಂದ, 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿ ಲಾರಿಗಳ ಸಂದಣಿ ಬೆಳೆದಂದಿನವರೆಗಿನ ಕಥೆ ಬಲ್ಲವರಿಗೆ ಬಲ್ಲದ್ದೇ. ಅದನ್ನು ದಾಟಿ ಮುಂದೆ ಹೋಗುವೆನು. ಆ ಕಾಲದ ಲಾರಿಗೆ ಸ್ನಾನವೆಂದರೆ ಹೊಳೆ. ಫಲ್ಗುಣಿಯ ದಡದಲ್ಲಿ ಗಾಡಿಯನ್ನು ಅಚ್ಚಿನವರೆಗೆ ನೀರಿಗಿಳಿಸಿ, ಕ್ಲೀನರ್ ಹುಡುಗನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದುದು ನೋಟಕ್ಕೆ ರಮ್ಯವಾದರೂ ಲೋಹಕ್ಕೆ ಹಿತವಾಗಿರಲಿಲ್ಲ. ಏಕೆಂದರೆ ನೇತ್ರಾವತಿ ಫಲ್ಗುಣಿಗಳೆರಡೂ ಒಂದೇ ಅಳಿವೆಯಲ್ಲಿ ಸಮುದ್ರವನ್ನು ಸೇರುವುವಾದ್ದರಿಂದ, ಬೇಸಗೆಯಲ್ಲಿ ಹೊಳೆಯ ಹರಿವು ಕುಗ್ಗಿದೊಡನೆ ಭರತದ ನೀರು ಬಹುದೂರ ಒಳನುಗ್ಗುವುದು. ನಗರಕ್ಕೆ ಸಿಹಿನೀರು ಬೇಕಾದಾಗ ಕಿಂಡಿ ಅಣೆಕಟ್ಟನ್ನು ಅಳಿವೆಯಿಂದ ದೂರದ ತುಂಬೆಯಲ್ಲಿ ಕಟ್ಟಬೇಕಾಯಿತು. ಹೀಗಿರುತ್ತ ಏಪ್ರಿಲ್ ತಿಂಗಳಲ್ಲಿ ಕೂಳೂರಿನ ಹೊಳೆಯಲ್ಲಿ ತೊಳೆದ ಲಾರಿಯು ಕೊಳೆಯನ್ನು ಬಿಟ್ಟು ಉಪ್ಪನ್ನು ಹೊತ್ತು ದಡವೇರುತ್ತಿತ್ತು.

ಆಮೇಲೆ ‘ವಾಟರ್ ಸರ್ವಿಸ್’ ಬಂದಿತು. ಪಂಪಿನ ರಭಸಕ್ಕೆ ಚಾಸಿಯ ಸಂದಿನ ಮಣ್ಣು ಕಿತ್ತುಬರುವುದು ನಿಜವೇ. ಆದರೆ ತೊಳೆದಾದ ಮೇಲೆ ಎಂಜಿನ್ನಿನಿಂದ ಬಸಿದ ಕರಿಯ ಎಣ್ಣೆಗೆ ಡೀಸೆಲ್ ಬೆರೆಸಿ ಗಾಡಿಯ ಅಡಿಭಾಗಕ್ಕೆ ಸಿಂಪಡಿಸುವ ಪದ್ಧತಿಯೊಂದುಂಟಷ್ಟೆ, ಅದು ನಾಲ್ಕು ದಿನ ತುಕ್ಕನ್ನು ತಡೆದು, ರಬ್ಬರಿನ ಬುಷ್‌ಗಳನ್ನು ಉಬ್ಬಿಸಿ, ಮೊದಲ ಮಳೆಗೆ ಚರಂಡಿಯ ಪಾಲಾಗುವುದು.

ಈ ಅಗ್ಗದ ಉಪಚಾರವನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರಲು ಕಾರಣವಾದುದು ಈ ಊರಿನದೇ ಆದ ಇನ್ನೊಂದು ಎಣ್ಣೆಯ ವೃತ್ತಾಂತ. 1920ರ ದಶಕದಲ್ಲಿ ಪಿಯರ್ಸ್ ಲೆಸ್ಲಿ ಮೊದಲಾದ ಕಂಪೆನಿಗಳ ಗೇರುಬೀಜದ ಕಾರ್ಖಾನೆಗಳು ಮಂಗಳೂರಿನಲ್ಲಿ ತಲೆಯೆತ್ತಿ, ತಿರುಳು ಹಡಗೇರಿ ಅಮೆರಿಕಕ್ಕೆ ಹೋಗತೊಡಗಿತು. ಸಿಪ್ಪೆಯೊಳಗಿನ ಕಂದು ಬಣ್ಣದ ಸೊನೆಯಾದರೋ ಬೀಜ ಒಡೆಯುವ ಹೆಂಗಸರ ಬೆರಳುಗಳನ್ನು ಸುಡುವ ಪೀಡೆ. ಅವರು ಕೈಗೆ ಬೂದಿಯನ್ನೋ ಹರಳೆಣ್ಣೆಯನ್ನೋ ಬಳಿದುಕೊಂಡು ಕೂರಬೇಕಾಗಿತ್ತು. ಮರದ ದೋಣಿಗೆ ಅದನ್ನು ಸವರಿದರೆ ಹುಳು ಹಿಡಿಯದು, ನೀರು ಕುಡಿಯದು ಎಂಬುದನ್ನು ಕರಾವಳಿಯವರು ಬಲ್ಲವರಾಗಿದ್ದರು. ಬಲ್ಲವರು ಅಷ್ಟಕ್ಕೇ ನಿಂತರು.

ನಿಲ್ಲದವನು ಮಾರ್ಟಿಮರ್ ಹಾರ್ವೆ ಎಂಬ ಅಮೆರಿಕದ ರಸಾಯನಜ್ಞ. ಈ ಸೊನೆಯನ್ನು ಕಾಯಿಸಿದರೆ ಅದರಲ್ಲಿನ ಆಮ್ಲವು ಕಾರ್ಡನಾಲ್ ಎಂಬ ದ್ರವವಾಗಿ ಪರಿಣಮಿಸುವುದು. ಅದನ್ನು ಫಾರ್ಮಾಲ್ಡಿಹೈಡಿನೊಡನೆ ಕೂಡಿಸಿದರೆ ನೀರಿಗೂ ಆಮ್ಲಕ್ಕೂ ಜಗ್ಗದ ರಾಳವಾಗುವುದು. ಇಂಥ ಗುಣಗಳನ್ನು ಬೆಂಬತ್ತಿದ ಹಾರ್ವೆಯು ಪೇಟೆಂಟಿನ ಮೇಲೆ ಪೇಟೆಂಟು ಪಡೆದನು. ನ್ಯೂಜೆರ್ಸಿಯ ಇರ್ವಿಂಗ್ಟನ್ ವಾರ್ನಿಷ್ ಕಂಪೆನಿಯು ಆ ರಾಳದಿಂದ ವಾರ್ನಿಷು, ವಿದ್ಯುತ್ತಿನ ಇನ್ಸುಲೇಷನ್ನು ಮಾತ್ರವಲ್ಲದೆ ಬ್ರೇಕ್ ಲೈನರಿಗೆ ಬೆರೆಸುವ ಪುಡಿಯನ್ನೂ ತಯಾರಿಸಿತು. ಬ್ರೇಕು ಕಾದಾಗಲೂ ಹಿಡಿತ ಸಡಿಲದಂತೆ, ಕಿರುಗುಟ್ಟದಂತೆ ಕಾಯುವ ಪುಡಿಯದು. ಇಂದು ಶಿರಾಡಿ ಘಾಟಿಯ ತಿರುವುಗಳಲ್ಲಿ ಇಳಿಯುವ ಅದೆಷ್ಟೋ ಲಾರಿಗಳ ಬ್ರೇಕಿನಲ್ಲಿ ಗೇರುಸಿಪ್ಪೆಯ ಅಂಶವಿದೆಯೆಂಬುದನ್ನು ಚಾಲಕನು ಅರಿಯನು, ಬಹುಮಟ್ಟಿಗೆ ಮಾಲೀಕನೂ ಅರಿಯನು.

ಬಣ್ಣದ ವಿಷಯದಲ್ಲಂತೂ ಈ ಎಣ್ಣೆಯ ಉಪಕಾರ ಇನ್ನೂ ದೊಡ್ಡದು. ಕಾರ್ಡನಾಲಿನಿಂದ ಮಾಡಿದ ಗಟ್ಟಿಕಾರಕವನ್ನು ಎಪಾಕ್ಸಿ ಪ್ರೈಮರಿಗೆ ಬೆರೆಸಿದರೆ ತೇವದ ಹವೆಯಲ್ಲಿಯೂ ಪದರವು ಚೆನ್ನಾಗಿ ಒಣಗಿ, ಲೋಹವನ್ನು ಬಿಗಿಯಾಗಿ ಕಚ್ಚಿ, ಉಪ್ಪುನೀರನ್ನು ತಡೆಯುವುದು. ಆ ಕಾರಣದಿಂದಲೇ ಹಡಗುಗಳ ಮೈಗೆ ಅದು ಪ್ರಿಯವಾಯಿತು. ಆಷಾಢದ ಮಂಗಳೂರಿಗೆ ಇದಕ್ಕಿಂತ ತಕ್ಕ ಗುಣಗಳನ್ನು ಯಾರು ತಾನೆ ಬಯಸಿಯಾರು! ವಿನೋದವೆಂದರೆ, ಇರ್ವಿಂಗ್ಟನ್ನಿನ ಪರಂಪರೆಗೆ ಸೇರಿದ ಕಾರ್ಡೊಲೈಟ್ ಕಂಪೆನಿಯೇ ಈಚೆಗೆ ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿ ಕಾರ್ಖಾನೆ ತೆರೆದಿದೆ; ನಮ್ಮ ಗೇರು ಕಾರ್ಖಾನೆಗಳೋ ಹಸಿಬೀಜಕ್ಕಾಗಿ ಆಫ್ರಿಕದತ್ತ ಮುಖ ಮಾಡಿವೆ.

ಅಮೆರಿಕದವರನ್ನು ದೂರಿ ಫಲವಿಲ್ಲ. ಬುದ್ಧಿ ಅವರದು, ದುಡಿಮೆ ಅವರದು. ಆದರೆ ಗೇರು ಸಂಶೋಧನಾಲಯ ಪುತ್ತೂರಿನಲ್ಲಿದೆ, ತಾಂತ್ರಿಕ ವಿದ್ಯಾಲಯ ಸುರತ್ಕಲ್ಲಿನ ಹೆದ್ದಾರಿಯ ಬದಿಯಲ್ಲೇ ಇದೆ, ಅದರ ಮುಂದೆ ಹಗಲಿರುಳು ಮೀನಿನ ಲಾರಿಗಳೂ ಟ್ಯಾಂಕರುಗಳೂ ಸಾಗುತ್ತಿವೆ. ಸಣ್ಣ ಗ್ಯಾರೇಜಿನವನು ಬ್ರಷ್ಷಿನಿಂದ ಬಳಿಯಬಹುದಾದ, ಒಂದೇ ಲಾರಿಯ ಒಡೆಯನೂ ಕೊಳ್ಳಬಹುದಾದ ಬೆಲೆಯ, ಗೇರೆಣ್ಣೆಯ ಅಡಿಲೇಪವೊಂದನ್ನು ಅಲ್ಲಿನ ವಿದ್ವಾಂಸರು ಸಿದ್ಧಪಡಿಸಿಕೊಡಬೇಕು. ಅಲ್ಲಿಯವರೆಗೆ ಮಾಲೀಕರಲ್ಲಿ ನನ್ನ ಬಿನ್ನಹ ಇಷ್ಟೆ: ಮೀನು ಇಳಿಸಿದ ದಿನವೇ, ಉಪ್ಪು ಒಣಗುವ ಮುನ್ನ, ಬಾವಿಯ ಸಿಹಿನೀರಿನಿಂದ ಗಾಡಿಯ ಅಡಿಯನ್ನು ತೊಳೆಯಿಸಿರಿ, ಬಣ್ಣದ ಗೀರಿಗೆ ಮಳೆಗಾಲಕ್ಕೆ ಮೊದಲೇ ಪ್ರೈಮರ್ ಹಚ್ಚಿಸಿರಿ, ಬಸಿದ ಎಣ್ಣೆಯನ್ನು ಚಾಸಿಗೆ ಹೊಡೆಯಿಸಬೇಡಿರಿ.