ಖಾಲಿ ಶೀಸೆಗೆ ಜಾಗ ಎಲ್ಲಿ?

ಕೊಯ್ಲು ಮುಗಿದು, ಲೆಕ್ಕಪತ್ರ ಒಂದು ಹದಕ್ಕೆ ಬಂದ ಮೇಲೆ ನಮ್ಮ ಬೆಳೆಗಾರ ಬಂಧುಗಳಲ್ಲಿ ಅನೇಕರು ಬೆಂಗಳೂರಿನ ಮಕ್ಕಳ ಮನೆಗೆ ಹೋಗಿ ಒಂದೆರಡು ವಾರ ಇದ್ದು ಬರುವುದುಂಟು. ಹನುಮಂತನಗರದಲ್ಲಿ ಹಾಗೆ ಉಳಿದುಕೊಂಡಿದ್ದಾಗ ನಮ್ಮ ಗಮನ ಸೆಳೆದದ್ದು ಅಲ್ಲಿಯ ಕಸದ ಆಟೋ. ಬೆಳಗಿನ ಕಾಫಿಯ ಹೊತ್ತಿಗೆ ಅದು ಬೀದಿಗೆ ಬರುತ್ತದೆ. ಅಡಿಗೆಮನೆಯ ಹಸಿ ಕಸ ಒಂದು ಬುಟ್ಟಿಯಲ್ಲಿ, ಕಾಗದ ಪ್ಲಾಸ್ಟಿಕ್ಕುಗಳ ಒಣ ಕಸ ಒಂದು ಚೀಲದಲ್ಲಿ, ಗಾಯದ ಬಟ್ಟೆ, ಮಗುವಿನ ಡಯಾಪರು ಮುಂತಾದುವು ಮೂರನೆಯ ಬುಟ್ಟಿಯಲ್ಲಿ ಇರಬೇಕು. ಎಲ್ಲವನ್ನೂ ಒಟ್ಟಿಗೆ ಸುರಿಯಹೋದರೆ, "ಬೇರೆ ಮಾಡಿ ಕೊಡಿ ಯಜಮಾನ್ರೇ" ಎಂದು ಆಟೋದವರು ಹಿಂದಕ್ಕೆ ಕೊಡುತ್ತಾರೆ.

ಮೊದಲ ದಿನ ನಮಗೆ ಇದು ಕಿರಿಕಿರಿಯೆನಿಸಿತು. ತೋಟದಲ್ಲಿ ಇಂಥ ಕಟ್ಟುಪಾಡು ಎಲ್ಲಿದೆ? ಸಿಪ್ಪೆ ಬುಡಕ್ಕೆ, ಸಗಣಿ ಗುಂಡಿಗೆ, ಮಿಕ್ಕದ್ದು ಬೇಲಿಯ ಆಚೆಗೆ! ಆದರೆ ಊರಿಗೆ ಹಿಂತಿರುಗಿ ಪಂಪುಮನೆಯ ಹಿಂಭಾಗವನ್ನು ಒಮ್ಮೆ ನೋಡಿದಾಗ ಮಾತು ಬದಲಾಯಿಸಬೇಕಾಯಿತು. ಔಷಧಿಯ ಖಾಲಿ ಶೀಸೆಗಳು, ಹರಿದ ಗೊಬ್ಬರದ ಚೀಲಗಳು, ಕೆಟ್ಟ ಬ್ಯಾಟರಿ, ಒಡೆದ ಟ್ಯೂಬ್‌ಲೈಟು ಎಲ್ಲವೂ ಒಂದೇ ರಾಶಿ. ರಾಶಿಯಿಂದ ಹತ್ತು ಮಾರು ಕೆಳಗೆ ಹಳ್ಳ. ಪಟ್ಟಣದವರು ಬಹಳ ಕಷ್ಟಪಟ್ಟು ಕಲಿತ ಪಾಠವನ್ನು ನಾವು ಅಷ್ಟು ಕಷ್ಟವಿಲ್ಲದೆ ಕಲಿಯಬಹುದೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಬೆಂಗಳೂರು ಕಲಿತದ್ದು

ಬೆಂಗಳೂರು ತನ್ನ ಕಸವನ್ನು ವರ್ಷಗಟ್ಟಲೆ ಹೊರವಲಯದ ಹಳ್ಳಿಗಳಿಗೆ ಸಾಗಿಸಿ ಸುರಿಯುತ್ತಿತ್ತು. ಉತ್ತರಕ್ಕೆ ಮಾವಳ್ಳಿಪುರ, ಪೂರ್ವಕ್ಕೆ ಮಂಡೂರು ಹೀಗೆ ಹೆಸರಾದ ಊರುಗಳು. ಅಲ್ಲಿಯ ಜನ ನೊಣ, ದುರ್ವಾಸನೆಗಳ ಜೊತೆಗೆ ಬಾವಿ, ಕೆರೆಗಳ ನೀರು ಕೆಡುತ್ತಿದೆಯೆಂದು ದೂರಿದರು. 2012ರಲ್ಲಿ ಮಾವಳ್ಳಿಪುರದಲ್ಲಿ ಸುರಿಯುವುದು ನಿಂತಿತು. ರಾಜಧಾನಿಯ ಬೀದಿಬೀದಿಗಳಲ್ಲಿ ಕಸ ರಾಶಿಬಿದ್ದಿತು. ಮಂಡೂರಿನವರ ಹೋರಾಟದ ಫಲವಾಗಿ 2014ರ ಕೊನೆಗೆ ಅಲ್ಲಿಯೂ ನಿಂತಿತು. ಈ ನಡುವೆ 2012ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಮನೆಯಲ್ಲಿಯೇ ಕಸ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿತು. ಎರಡು ಬುಟ್ಟಿ, ಒಂದು ಚೀಲದ ಪದ್ಧತಿ 2015ರಲ್ಲಿ ಉಚ್ಚ ನ್ಯಾಯಾಲಯದ ಆದೇಶದಿಂದ ಬಂದಿತು.

ಬೇರ್ಪಡಿಸುವುದಕ್ಕೆ ಇಷ್ಟು ಮಹತ್ವವೇಕೆ? ಹಸಿ ಕಸವೊಂದೇ ಆಗಿದ್ದರೆ ಅದು ಗೊಬ್ಬರ. ಪಟ್ಟಣದ ಕಸದಿಂದ ಗೊಬ್ಬರ ಮಾಡಲೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ಸ್ಥಾಪನೆಯಾಯಿತು. ಆದರೆ ಅದೇ ಕಸಕ್ಕೆ ನಾಲ್ಕು ಸೆಲ್ಲು, ಒಂದು ಮುರಿದ ಥರ್ಮಾಮೀಟರು ಸೇರಿತೆನ್ನೋಣ. ಹಸಿ ಪದಾರ್ಥ ಕೊಳೆಯುವಾಗ ಹುಳಿ ರಸ ಹೊರಡುತ್ತದೆ. ಆ ಹುಳಿಯು ಸೆಲ್ಲಿನ ಲೋಹವನ್ನು ಕರಗಿಸಿಕೊಂಡು ಮಣ್ಣಿಗೆ ಇಳಿಯುತ್ತದೆ, ಅಲ್ಲಿಂದ ನೀರಿಗೆ ಸೇರುತ್ತದೆ. ಹೀಗೆ ಒಂದು ಹಿಡಿ ವಿಷದಿಂದ ಒಂದು ಗಾಡಿ ಗೊಬ್ಬರ ಹಾಳಾಗುತ್ತದೆ. ಒಮ್ಮೆ ಬೆರೆತ ಮೇಲೆ ಬೇರೆ ಮಾಡುವುದು ಯಾರಿಂದಲೂ ಆಗದ ಕೆಲಸ. ತ್ಯಾಜ್ಯ ನಿರ್ವಹಣೆಯ ಮೂಲಮಂತ್ರವೇ ಬೆರೆಸದಿರುವುದು.

ತೋಟದ ಮೂರು ಬುಟ್ಟಿಗಳು

ನಮ್ಮ ತೋಟದ ತ್ಯಾಜ್ಯವನ್ನೂ ಇದೇ ರೀತಿ ಮೂರು ಭಾಗ ಮಾಡಬಹುದು.

ಮೊದಲನೆಯದು ಮಣ್ಣಿಗೆ ಹಿಂತಿರುಗಬೇಕಾದದ್ದು. ಅಡಿಕೆ ಸಿಪ್ಪೆ, ಸೋಗೆ, ಹಾಳೆ, ಕಾಫಿ ಹಣ್ಣಿನ ಸಿಪ್ಪೆ, ನೆರಳುಮರದ ಎಲೆ ಇವೆಲ್ಲ ಈ ವರ್ಗಕ್ಕೆ ಸೇರಿದುವು. ಅಡಿಕೆ ಸಿಪ್ಪೆಯ ನಾರು ಗಟ್ಟಿಯಾದುದರಿಂದ ಕೊಳೆಯಲು ನಿಧಾನ. ಸಗಣಿ ಮತ್ತು ಹಸಿರುಸೊಪ್ಪಿನೊಂದಿಗೆ ಪದರ ಪದರವಾಗಿ ಹಾಕಿ ತೇವ ಕಾಪಾಡಿದರೆ ಬೇಗ ಕಳಿಯುತ್ತದೆ. ಪಲ್ಪರಿನ ನೀರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದರಲ್ಲಿರುವುದು ಹಣ್ಣಿನ ಸಕ್ಕರೆ ಮತ್ತು ಲೋಳೆಯೇ ಹೊರತು ವಿಷವಲ್ಲ, ನಿಜ. ಆದರೆ ಹಳ್ಳಕ್ಕೆ ಬಿಟ್ಟರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಆದುದರಿಂದ ಈ ನೀರನ್ನು ಹೊಂಡಕ್ಕೆ ಹಾಯಿಸಿ, ಸುಣ್ಣದಿಂದ ಅದರ ಹುಳಿಯನ್ನು ಮುರಿದು, ತಿಳಿಯಾಗಲು ಬಿಡಬೇಕು. ಹಳ್ಳದ ಕಡೆಗೆ ತೂಬು ಇಡಲೇಬಾರದು.

ಎರಡನೆಯದು ಗುಜರಿಗೆ ಹೋಗಬೇಕಾದದ್ದು. ಗೊಬ್ಬರದ ಚೀಲ, ನೀರಾವರಿಯ ಪೈಪು, ಅಂಗಳಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ, ಹಳೆಯ ಕಬ್ಬಿಣ ಇವನ್ನು ಒಣಗಿಸಿ ಕಟ್ಟಿಟ್ಟರೆ ಕೊಳ್ಳುವವರಿದ್ದಾರೆ. ಸುಡುವುದು ಬೇಡ. ಪಿವಿಸಿ ಪೈಪನ್ನು ಒಲೆಯಲ್ಲೋ ಬಯಲಲ್ಲೋ ಸುಟ್ಟರೆ ಕಣ್ಣು ಮೂಗು ಉರಿಸುವ ಆಮ್ಲದ ಹೊಗೆಯ ಜೊತೆಗೆ ಡಯಾಕ್ಸಿನ್ ಎಂಬ ಬಹುಕಾಲ ಉಳಿಯುವ ವಿಷವೂ ಹುಟ್ಟುತ್ತದೆ.

ಮೂರನೆಯದು ಅಪಾಯಕಾರಿ ತ್ಯಾಜ್ಯ. ಕೀಟನಾಶಕದ ಶೀಸೆ, ಅವಧಿ ಮೀರಿದ ಔಷಧಿ, ಬ್ಯಾಟರಿ, ಟ್ಯೂಬ್‌ಲೈಟು, ಇಂಜಿನಿನ ಹಳೆಯ ಎಣ್ಣೆ ಇದರೊಳಗೆ ಬರುತ್ತವೆ. ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಬಹುದು. ಉಳಿದವುಗಳಲ್ಲಿ ನಮಗೆ ಹೆಚ್ಚು ಹತ್ತಿರದ್ದೂ ಹೆಚ್ಚು ಅಪಾಯದ್ದೂ ಔಷಧಿಯ ಶೀಸೆ.

ಖಾಲಿ ಎಂದರೆ ಖಾಲಿಯಲ್ಲ

ಶೀಸೆಯನ್ನು ಬೋರಲು ಹಾಕಿ ಪೂರ್ತಿ ಬಸಿದರೂ ಒಳಮೈಗೆ ಔಷಧಿ ಅಂಟಿಕೊಂಡಿರುತ್ತದೆ. ಅದು ನೀರು ಬೆರೆಸದ, ಪೂರ್ತಿ ಬಲದ ಔಷಧಿ ಎಂಬುದನ್ನು ಮರೆಯಬಾರದು. ಐದು ಲೀಟರಿನ ಕ್ಯಾನನ್ನು ಸೀಮೆಸುಣ್ಣದ ಬಿಳುಪು ಬರುವಂತೆ ತೊಳೆದು ನೀರು ತುಂಬಿಡಲು ಉಪಯೋಗಿಸುವುದು ನಮ್ಮ ಕಣ್ಣಿಗೇ ಬಿದ್ದಿದೆ. ಎಷ್ಟು ತೊಳೆದರೂ ಅದು ಕುಡಿಯುವ ನೀರಿಗೆ ಯೋಗ್ಯವಲ್ಲ.

ಸರಿಯಾದ ಕ್ರಮಕ್ಕೆ ಮೂರು ಬಾರಿ ತೊಳೆಯುವ ಪದ್ಧತಿ ಎನ್ನುತ್ತಾರೆ. ಇದನ್ನು ಔಷಧಿ ಬೆರೆಸುವ ವೇಳೆಯಲ್ಲಿಯೇ ಮಾಡಬೇಕು. ಒಣಗಿದ ಮೇಲೆ ತೊಳೆಯುವುದು ಕಷ್ಟ.

1. ಶೀಸೆ ಬರಿದಾದ ಮೇಲೆ ಸ್ಪ್ರೇಯರಿನ ಟ್ಯಾಂಕಿನ ಮೇಲೆ ಅರ್ಧ ನಿಮಿಷ ಬೋರಲು ಹಿಡಿದು ಬಸಿಯಬೇಕು.

2. ಶೀಸೆಯ ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಅರ್ಧ ನಿಮಿಷ ಚೆನ್ನಾಗಿ ಕುಲುಕಬೇಕು. ಆ ನೀರನ್ನು ಅದೇ ಟ್ಯಾಂಕಿಗೆ ಸುರಿಯಬೇಕು. ಹೀಗೆ ಮೂರು ಸಲ ಮಾಡಬೇಕು.

3. ಆಮೇಲೆ ತಳಕ್ಕೆ ಮೊಳೆಯಿಂದ ತೂತು ಹೊಡೆಯಬೇಕು, ಮತ್ತೆ ಯಾರೂ ಅದನ್ನು ಬಳಸಲಾಗಬಾರದು. ಲೇಬಲ್ಲನ್ನು ಕೀಳಬಾರದು.

4. ತೂತು ಹೊಡೆದ ಶೀಸೆಗಳನ್ನು ಒಂದು ಚೀಲದಲ್ಲಿ ಕಟ್ಟಿ, ಬೀಗವಿರುವ ಜಾಗದಲ್ಲಿ, ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ಇಡಬೇಕು.

ತೊಳೆದ ನೀರು ಟ್ಯಾಂಕಿಗೇ ಹೋಗುವುದರಿಂದ ನಷ್ಟವೇನೂ ಇಲ್ಲ. ದುಡ್ಡು ಕೊಟ್ಟು ತಂದ ಔಷಧಿಯ ಕೊನೆಯ ಹನಿಯೂ ಗಿಡಕ್ಕೆ ಸೇರಿದಂತಾಯಿತು. ಸ್ಪ್ರೇಯರನ್ನು ಹಳ್ಳದಲ್ಲಿ ಅದ್ದಿ ತೊಳೆಯುವ ಅಭ್ಯಾಸ ಬಿಡಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮೈಲುತುತ್ತದಲ್ಲಿರುವ ತಾಮ್ರವು ಮೀನಿಗೆ ವಿಷ, ಮಣ್ಣಿನಲ್ಲಿಯೂ ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ. ಆ ದಿನಕ್ಕೆ ಬೇಕಾದಷ್ಟೇ ಕಲಸಿಕೊಂಡರೆ ಮಿಕ್ಕದ್ದನ್ನು ಚೆಲ್ಲುವ ಪ್ರಸಂಗವೇ ಬರುವುದಿಲ್ಲ.

ಅಟ್ಟದ ಮೇಲಿನ ಹಳೆಯ ಔಷಧಿ

ಇದಕ್ಕಿಂತಲೂ ದೊಡ್ಡ ಪ್ರಶ್ನೆ ಹಾಗೆಯೇ ಉಳಿದುಹೋದ ಔಷಧಿಯದು. ಬಿಳಿ ಕಾಂಡಕೊರಕಕ್ಕೆಂದು ಒಂದು ಕಾಲದಲ್ಲಿ ನಾವೆಲ್ಲ ಲಿಂಡೇನ್ ತಂದವರೇ. 2009ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು, ನಮ್ಮ ದೇಶದಲ್ಲಿಯೂ ನಿಷೇಧವಾಯಿತು. ಎಂಡೋಸಲ್ಫಾನನ್ನು 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ತಡೆಯಿತು. ಅಂಗಡಿಯಲ್ಲಿ ಮಾರಾಟ ನಿಂತರೂ ಮನೆಯ ಅಟ್ಟದಲ್ಲಿ ಅರ್ಧ ಶೀಸೆ ಕುಳಿತಿರಬಹುದು.

ಎಂಡೋಸಲ್ಫಾನಿನ ಕಥೆ ನಮಗೆ ದೂರದ್ದಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಲಾಗುತ್ತಿತ್ತು. ಗುಡ್ಡದ ಮೇಲೆ ಗೇರು, ಕೆಳಗೆ ನಮ್ಮವರಂತೆಯೇ ಅಡಿಕೆ ಬೆಳೆದು ಬಾಳುವ ಕನ್ನಡ, ತುಳು ಮನೆಗಳು. ಎಣ್ಮಕಜೆಯ ಪಡ್ರೆ ಮುಂತಾದ ಕಡೆ ಹುಟ್ಟಿದ ಮಕ್ಕಳ ಕಷ್ಟವನ್ನು ನಾಡೆಲ್ಲ ಕಂಡಿತು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲಿನ ಕುಟುಂಬಗಳೂ ಇದೇ ಸಂಕಟವನ್ನು ಅನುಭವಿಸಿವೆ.

ಸಿಂಪಡಣೆ ನಿಂತಿತು, ಉಳಿದ ಔಷಧಿ? ಅದು ಕಾರ್ಪೊರೇಷನ್ನಿನ ಗೋದಾಮುಗಳಲ್ಲಿ ವರ್ಷಗಟ್ಟಲೆ ಉಳಿಯಿತು. ಪೀಪಾಯಿಗಳು ಸೋರತೊಡಗಿದಾಗ 2012ರಲ್ಲಿ ಅದನ್ನು ಗಟ್ಟಿ ಪ್ಲಾಸ್ಟಿಕ್ಕಿನ ಹೊಸ ಡ್ರಮ್ಮುಗಳಿಗೆ ವರ್ಗಾಯಿಸಬೇಕಾಯಿತು. ಗೇರು ತೋಟದ ಪಾಳುಬಾವಿಯೊಂದರಲ್ಲಿ ಔಷಧಿಯನ್ನು ಹೂಳಲಾಗಿದೆಯೆಂಬ ದೂರು ಎರಡು ದಶಕಗಳ ತರುವಾಯವೂ ಹಸಿರು ನ್ಯಾಯಮಂಡಳಿಯ ಮುಂದೆ ಬಂದಿತು. ಬೇಡವಾದ ವಿಷವನ್ನು ಕಣ್ಮರೆ ಮಾಡಿದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಹೂತರೆ ಸಾಲದೇ?

ಈ ಪ್ರಶ್ನೆಯನ್ನು ಅನೇಕ ಸದಸ್ಯರು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. 1971ರ ಕೀಟನಾಶಕ ನಿಯಮಗಳೇ ಖಾಲಿ ಡಬ್ಬಗಳನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆಂದು ಹೇಳಿದುವು. ಡಬ್ಬ ಪುನಃ ಬಳಕೆಗೆ ಬರಬಾರದೆಂಬುದು ಅದರ ಉದ್ದೇಶ. ಆದರೆ ಮಲೆನಾಡಿನ ಮಳೆ, ಇಳಿಜಾರಿನ ನೆಲ, ಒರತೆಯ ನೀರು ಇವನ್ನು ಯೋಚಿಸಿದರೆ ನಮ್ಮಲ್ಲಿ ಯಾವ ಗುಂಡಿಯೂ ನೀರಿನಿಂದ ದೂರವಲ್ಲ. ಮೇಲಿನ ತೋಟದಲ್ಲಿ ಹೂತದ್ದು ಕೆಳಗಿನ ತೋಟದ ಬಾವಿಗೆ ಇಳಿಯಬಹುದು.

ಅಪಾಯಕಾರಿ ತ್ಯಾಜ್ಯವನ್ನು ಹೂಳುವ ಶಾಸ್ತ್ರೀಯ ವಿಧಾನವೇ ಬೇರೆ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಅಂಥ ಒಂದು ಹೂಳುನೆಲೆಯನ್ನು ನಿರ್ಮಿಸಲಾಗಿದೆ. ಇಂಥ ಕಡೆ ತಳಕ್ಕೆ ಒತ್ತಿದ ಜೇಡಿಮಣ್ಣು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಜಿನುಗುವ ರಸವನ್ನು ಕೊಳವೆಗಳಿಂದ ಎತ್ತಿ ಶುದ್ಧಿಮಾಡುತ್ತಾರೆ, ಸುತ್ತಲಿನ ಅಂತರ್ಜಲವನ್ನು ಪರೀಕ್ಷಿಸುತ್ತಿರುತ್ತಾರೆ. ಕೆಲವು ಬಗೆಯ ವಿಷಗಳನ್ನು ಅತ್ಯಧಿಕ ಶಾಖದ ಕುಲುಮೆಯಲ್ಲಿ ಸುಡುತ್ತಾರೆ. ಇದು ಹಾರೆ ಗುದ್ದಲಿಯಿಂದ ಆಗುವ ಕೆಲಸವಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅವಧಿ ಮೀರಿದ ಕೀಟನಾಶಕವನ್ನು ಪಟ್ಟಿಯಲ್ಲಿ ಸೇರಿಸಿದುವು. ಅದೇ ವರ್ಷದ ಘನತ್ಯಾಜ್ಯ ನಿಯಮಗಳು ಮನೆಯ ಕೀಟನಾಶಕದ ಡಬ್ಬವನ್ನೂ ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂದು ಹೇಳಿದುವು. ಪಟ್ಟಣದಲ್ಲಿ ಅದನ್ನು ಒಯ್ಯಲು ಬಾಗಿಲಿಗೆ ಆಟೋ ಬರುತ್ತದೆ. ನಮ್ಮ ತೋಟದ ದಾರಿಗೆ ಯಾವ ಆಟೋ ಬಂದೀತು? ಆದುದರಿಂದ ಆ ಕೆಲಸವನ್ನು ನಾವು ಒಟ್ಟಾಗಿ ಮಾಡಿಕೊಳ್ಳಬೇಕಾಗಿದೆ.

ಈಗ ಮಾಡಬೇಕಾದದ್ದು

ಈ ಸಂಚಿಕೆ ಕೈಸೇರಿದ ವಾರದಲ್ಲಿಯೇ ಅಟ್ಟ, ಗೋದಾಮು, ಪಂಪುಮನೆಗಳನ್ನು ಒಮ್ಮೆ ಪರಿಶೀಲಿಸಬೇಕೆಂದು ಸದಸ್ಯ ಬಂಧುಗಳಲ್ಲಿ ನಮ್ಮ ಕೋರಿಕೆ. ಸಿಕ್ಕ ಹಳೆಯ ಔಷಧಿಯ ಹೆಸರು, ಪ್ರಮಾಣ, ಲೇಬಲ್ಲಿನ ತ್ರಿಕೋನದ ಬಣ್ಣ ಇಷ್ಟನ್ನು ಬರೆದಿಡಿ. ಕೆಂಪು ಬಣ್ಣ ಅತ್ಯಂತ ವಿಷಕಾರಿ. ಆಮೇಲೆ ಹಳದಿ, ನೀಲಿ, ಹಸಿರು ಅನುಕ್ರಮವಾಗಿ ಕಡಿಮೆ. ಒಂದು ಔಷಧಿಯನ್ನು ಇನ್ನೊಂದಕ್ಕೆ ಸುರಿಯಬೇಡಿ, ಬೇರೆ ಶೀಸೆಗೆ ತುಂಬಬೇಡಿ. ಸೋರುವ ಶೀಸೆಯನ್ನು ಒಣ ಮಣ್ಣು ಅಥವಾ ಮರದ ಹೊಟ್ಟು ಹಾಕಿದ ಬಕೆಟ್ಟಿನಲ್ಲಿ ನಿಲ್ಲಿಸಿ. ನೆಲಕ್ಕೆ ಚೆಲ್ಲಿದ್ದರೆ ನೀರು ಹಾಕಿ ತೊಳೆಯದೆ, ಒಣ ಮಣ್ಣು ಹರಡಿ, ಹೀರಿದ ಮೇಲೆ ಗುಡಿಸಿ ಪ್ರತ್ಯೇಕವಾಗಿ ಕಟ್ಟಿಡಿ. ಕೈಗವಸು ಹಾಕದೆ ಈ ಕೆಲಸಕ್ಕೆ ಹೊರಡಬೇಡಿ. ಆಳುಗಳ ಕೈಯಲ್ಲಿ ಮಾಡಿಸುವುದಾದರೆ ಅವರಿಗೂ ಕೈಗವಸು ಕೊಡಿ. ಯಾರಿಗಾದರೂ ಔಷಧಿ ತಗುಲಿ ಅಸ್ವಸ್ಥರಾದರೆ ಶೀಸೆಯ ಲೇಬಲ್ಲನ್ನು ತಪ್ಪದೆ ಆಸ್ಪತ್ರೆಗೆ ಒಯ್ಯಿರಿ.

ಒಬ್ಬ ಬೆಳೆಗಾರನ ಬಳಿ ಇರುವುದು ನಾಲ್ಕು ಶೀಸೆ. ಅದನ್ನು ಸಾಗಿಸಲು ಯಾರೂ ಬರುವುದಿಲ್ಲ. ಆದರೆ ಸಂಘದ ಎಲ್ಲ ಸದಸ್ಯರ ಪಟ್ಟಿಯನ್ನು ಕೂಡಿಸಿದರೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಮುಂದೆಯೂ ಔಷಧಿ ಮಾರಿದ ಕಂಪೆನಿಗಳ ಮುಂದೆಯೂ ಇಟ್ಟು ಕೇಳಬಹುದಾದ ಲೆಕ್ಕವೊಂದು ನಮ್ಮ ಕೈಗೆ ಬರುತ್ತದೆ. ಅಡಿಕೆ, ಕಾಫಿಗಳಿಗೆ ಬೆಲೆ ಕೇಳಲು ಒಟ್ಟಾದ ನಾವು ಬಾವಿಯ ನೀರಿಗಾಗಿ ಒಟ್ಟಾಗಲಾರೆವೇ? ಈ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚಿಸಬೇಕೆಂದು ನಮ್ಮ ಅಭಿಪ್ರಾಯ. ಬರುವಾಗ ಶೀಸೆಗಳನ್ನು ತರಬೇಡಿ, ಪಟ್ಟಿಯನ್ನು ಮಾತ್ರ ಮರೆಯದೆ ತನ್ನಿ.