ತಳಹದಿಯ ಕೆಳಗಿನ ಕಳ್ಳನೀರು

ಗೋಡೆ ಬಿರಿದರೆ ನಮ್ಮಲ್ಲಿ ಮೊದಲು ನೆನಪಾಗುವವರು ವಾಸ್ತು ಹೇಳುವವರು. ಗೌಂಡಿ ನೆನಪಾಗುವುದು ಆಮೇಲೆ. ಸೇಡಂನಲ್ಲಿರುವ ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಅಡುಗೆಮನೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಮೂಡಿತು. ನೆಂಟರೊಬ್ಬರು ಬಾಗಿಲು ಬದಲಿಸಬೇಕೆಂದರು. ನೆರೆಯವರು ಶಾಂತಿ ಮಾಡಿಸಬೇಕೆಂದರು. ನಾನು ಸುಣ್ಣ ತುಂಬಿಸಿ ಸುಮ್ಮನಾದೆ. ಎರಡು ತಿಂಗಳಲ್ಲಿ ಬಿರುಕು ಮತ್ತೆ ಬಾಯ್ದೆರೆಯಿತು. ಅದೇ ಸಮಯಕ್ಕೆ ನಮ್ಮ ನಾಲ್ಕು ವರ್ಷದ ಮಗಳಿಗೆ ಪದೇ ಪದೇ ಭೇದಿ ಕಾಣಿಸಿಕೊಂಡಿತು. “ಮನೆಯ ನೀರು ಹೇಗಿದೆ?” ಎಂದು ವೈದ್ಯರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವಳು ನನ್ನ ಹೆಂಡತಿ: “ನಳ ಬಿಟ್ಟ ದಿನ ಮೊದಲ ಎರಡು ಕೊಡ ಕಲಕಾಗಿ ಬರುತ್ತದೆ.”

ಬಿರುಕಿಗೂ ಕಲಕುನೀರಿಗೂ ಸಂಬಂಧ ಉಂಟೆಂದು ನನಗೆ ಹೊಳೆದಿರಲಿಲ್ಲ.

ನಮ್ಮ ನೆಲದ ಗುಣ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯ ನೆಲ ಒಂದೇ ಬಗೆಯದಲ್ಲ. ಶಹಾಬಾದ್, ವಾಡಿಗಳ ಅನೇಕ ಕಡೆ ಸ್ವಲ್ಪ ಅಗೆದರೆ ಸಾಕು, ಪದರುಪದರಾದ ಸುಣ್ಣಗಲ್ಲು ಸಿಗುತ್ತದೆ. ನಾಡೆಲ್ಲಕ್ಕೂ ಹೋಗುವ ಫರಸಿಗಲ್ಲು ಅದೇ. ಚಿಂಚೋಳಿಯ ಎತ್ತರದ ಭಾಗದಲ್ಲಿ ಕೆಂಪು ನೆಲ ಉಂಟು. ಉಳಿದಂತೆ ಕಾಗಿಣಾ ನದಿಯ ಆಚೀಚೆಗೆ ಹಬ್ಬಿರುವುದು ಎರೆಮಣ್ಣು. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿಬಿಡುತ್ತದೆ. ತೊಗರಿಯ ಬೆಳೆಗೆ ವರವಾದ ಈ ಗುಣವೇ ಮನೆಯ ತಳಹದಿಗೆ ಶಾಪ. ನೆಲದಡಿಯ ಕೊಳವೆ ಸೋರಿದರೆ ಒಂದು ಮೂಲೆಯ ಮಣ್ಣು ಮಾತ್ರ ಉಬ್ಬಿ ಗೋಡೆಯನ್ನು ಎತ್ತುತ್ತದೆ. ಉಳಿದ ಮೂಲೆಗಳು ಇದ್ದಲ್ಲೇ ಇರುತ್ತವೆ. ಗೋಡೆ ಬಿರಿಯದೆ ಇನ್ನೇನು ಮಾಡೀತು?

ಸೋರಿಕೆ ಅಲ್ಪವೆಂದು ಅಲಕ್ಷಿಸಬಾರದು. ಕ್ಷಣಕ್ಕೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಸುಮಾರು 20 ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೂ ದಿನಕ್ಕೆ ನಾಲ್ಕು ಲೀಟರಿಗೆ ಮಿಕ್ಕಿ, ವರ್ಷಕ್ಕೆ ಒಂದೂವರೆ ಸಾವಿರ ಲೀಟರಿಗೆ ಮಿಕ್ಕಿ ನೀರು ತಳಹದಿಗೆ ಇಳಿಯುತ್ತದೆ.

ಪತ್ತೆಯ ಬಗೆ

ಕೊನೆಗೆ ಒಬ್ಬ ವೃದ್ಧ ಗೌಂಡಿಯನ್ನು ಕರೆಸಿದೆ. ಬಚ್ಚಲಿನ ಹತ್ತಿರ ಒಂದು ಫರಸಿ ಸದಾ ತಂಪಾಗಿತ್ತು. ಅದರ ಸಂದಿನಲ್ಲಿ ಬಿಳಿಯ ಉಪ್ಪು ಮೂಡಿತ್ತು. “ಇಲ್ಲೇ ಅಗೆಯೋಣವೇ?” ಎಂದೆ. ಆತ ನಕ್ಕ.

“ಗಡಿಬಿಡಿ ಮಾಡಬ್ಯಾಡ್ರಿ ಸರ. ಕಳ್ಳ ಒಂದು ಮನ್ಯಾಗ, ಹೆಜ್ಜಿ ಒಂದು ಮನ್ಯಾಗ ಇರ್ತದ.”

ನೀರು ಇಳಿಜಾರನ್ನೂ ಕಲ್ಲಿನ ಪದರನ್ನೂ ಹಿಡಿದು ಹರಿದು ಬೇರೆಲ್ಲಿಯೋ ತಲೆಯೆತ್ತುತ್ತದೆ ಎಂಬುದು ಆತನ ಮಾತಿನ ಅರ್ಥ. ಆತ ತೋರಿಸಿದ ಕ್ರಮ ಪ್ರತಿಯೊಬ್ಬ ಗೃಹಸ್ಥನೂ ಮಾಡಬಹುದಾದುದು.

ಮೊದಲು ಮೇಲಿನ ಟ್ಯಾಂಕಿನ ಪರೀಕ್ಷೆ. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಬೇಕು. ಒಂದು ಮೀಟರು ಉದ್ದಗಲದ ಟ್ಯಾಂಕಿನಲ್ಲಿ ಮಟ್ಟ ಒಂದು ಸೆಂಟಿಮೀಟರು ಇಳಿದರೆ ಹತ್ತು ಲೀಟರು ಹೋಯಿತೆಂದು ತಿಳಿಯಬೇಕು. ಟ್ಯಾಂಕಿನ ಬುಡದ ಕೀಲಿ ಮುಚ್ಚಿದಾಗಲೂ ಇಳಿದರೆ ದೋಷ ಟ್ಯಾಂಕಿನದು. ತೆರೆದಾಗ ಮಾತ್ರ ಇಳಿದರೆ ಕೊಳವೆಯದು. ನಮ್ಮಲ್ಲಿ ಮಟ್ಟ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಎರಡನೆಯದು ಬೀದಿಯಿಂದ ಬರುವ ಕೊಳವೆಯ ಪರೀಕ್ಷೆ. ನೀರು ಬಿಟ್ಟ ಹೊತ್ತಿನಲ್ಲಿ ನಲ್ಲಿಗಳನ್ನೂ ನೆಲದೊಳಗಿನ ತೊಟ್ಟಿಯ ಬಾಯಿಯನ್ನೂ ಮುಚ್ಚಿದೆವು. ಆದರೂ ಮೀಟರಿನ ಸಣ್ಣ ಮುಳ್ಳು ತಿರುಗುತ್ತಲೇ ಇತ್ತು! ಗೌಂಡಿಯು ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಫರಸಿಯ ಮೇಲಿಟ್ಟು, ಮತ್ತೊಂದನ್ನು ಕಿವಿಗೆ ಹಚ್ಚಿ, ಕಲ್ಲಿನಿಂದ ಕಲ್ಲಿಗೆ ಸರಿಯುತ್ತ ಹೋದ. ಒದ್ದೆಯ ಕಲ್ಲಿನಿಂದ ಆರು ಅಡಿ ದೂರದಲ್ಲಿ ನಿಂತು ಸಲಾಕೆಯನ್ನು ನನ್ನ ಕೈಗೆ ಕೊಟ್ಟ. ಸಣ್ಣಗೆ ಬುಸುಗುಡುವ ಸದ್ದು ನನಗೂ ಕೇಳಿಸಿತು.

ಮೂರನೆಯದು ಬಚ್ಚಲಿನ ಮೋರಿ. ಅದರ ಹೊರತುದಿಯನ್ನು ಬಿಗಿದು, ನೀರು ತುಂಬಿ, ಗುರುತು ಹಾಕಿದೆವು. ಗಂಟೆಯೊಳಗೆ ನೀರು ಇಳಿಯಿತು. ಅಲ್ಲಿಯೂ ಸಂದು ಬಿಟ್ಟಿತ್ತು.

ಆಗ ಎಲ್ಲವೂ ಸ್ಪಷ್ಟವಾಯಿತು. ನೀರು ಬಿಟ್ಟಾಗ ಕೊಳವೆಯು ಹೊರಕ್ಕೆ ಸೋರುತ್ತದೆ. ನಿಂತಾಗ ಬರಿದಾಗುತ್ತ ಸುತ್ತಲಿನ ಹೊಲಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನದ ಮೊದಲ ಕೊಡಗಳಲ್ಲಿ ಬರುತ್ತಿದ್ದುದು ಅದೇ! ಮಗುವಿನ ಬೇನೆಗೆ ಇದೊಂದೇ ಕಾರಣವೆಂದು ಸಾಧಿಸಲಾರೆ. ಆದರೆ ಅಂದಿನಿಂದ ನೀರನ್ನು ಕುದಿಸಿಯೇ ಕೊಟ್ಟೆವು. ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ-ಧಾರವಾಡಗಳ ಕೆಲವು ವಲಯಗಳಲ್ಲಿ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆದಾಗ, ಕೊಳವೆ ಸದಾ ತುಂಬಿದ್ದರೆ ಕೊಳೆ ಒಳಸೇರದೆಂಬುದೂ ಅದರ ಒಂದು ಪ್ರಯೋಜನವಾಗಿತ್ತು.

ದುರಸ್ತಿ

ಅಮೆರಿಕದ ಟೆಕ್ಸಾಸಿನಲ್ಲಿಯೂ ಹೀಗೆ ಉಬ್ಬುವ ಕರಿಮಣ್ಣು ಉಂಟು. ಅಲ್ಲಿಯ ಬಹಳಷ್ಟು ಮನೆಗಳು ಕಾಂಕ್ರೀಟಿನ ಅಖಂಡ ಹಾಸಿನ ಮೇಲೆ ನಿಂತಿರುವುದರಿಂದ ಅದನ್ನು ಒಡೆಯಬೇಕು, ಇಲ್ಲವೆ ಪಕ್ಕದಿಂದ ಸುರಂಗ ತೋಡಬೇಕು. ನಮ್ಮ ಫರಸಿಯ ಉಪಕಾರ ದೊಡ್ಡದು: ಎರಡು ಕಲ್ಲು ಎಬ್ಬಿಸಿದೆವು, ಕೆಲಸವಾದ ಮೇಲೆ ಅವನ್ನೇ ಮತ್ತೆ ಕೂರಿಸಿದೆವು.

ಹಳೆಯ ಕಬ್ಬಿಣದ ಕೊಳವೆ ಮೊಣಕೈ ತಿರುವಿನಲ್ಲಿ ತುಕ್ಕು ತಿಂದಿತ್ತು. ತೇಪೆ ಹಾಕಿದರೆ ನಾಳೆ ಮಗ್ಗುಲಲ್ಲಿ ತೂತು ಬಿದ್ದೀತು. ಆದುದರಿಂದ ಅದರ ಬಾಯಿ ಮುಚ್ಚಿ ನೆಲದಲ್ಲೇ ಬಿಟ್ಟು, ಹೊರಗೋಡೆಯ ಮೇಲೆ ಕಣ್ಣಿಗೆ ಕಾಣುವಂತೆ ಹೊಸ ಕೊಳವೆ ಹಾಯಿಸಿದೆವು. ಗೋಡೆ ದಾಟುವಲ್ಲಿ ದೊಡ್ಡ ಕೊಳವೆಯೊಂದನ್ನು ಕವಚವಾಗಿಟ್ಟುದರಿಂದ ಗೋಡೆ ಕದಲಿದರೂ ಒಳಗಿನದಕ್ಕೆ ಪೆಟ್ಟಿಲ್ಲ. ಮೋರಿಯ ಸಂದನ್ನು ಹೊಸದಾಗಿ ಬಿಗಿದು, ಒಂದು ರಾತ್ರಿ ನೀರು ನಿಲ್ಲಿಸಿ ನೋಡಿದ ಮೇಲೆಯೇ ಗುಂಡಿ ಮುಚ್ಚಿದೆವು. ತುಂಬಿದ್ದು ಎರೆಮಣ್ಣನ್ನಲ್ಲ, ಪದರುಪದರಾಗಿ ಧಮ್ಮಸು ಮಾಡಿದ ಮೊರಮನ್ನು. ತೊಟ್ಟಿಯನ್ನು ಬ್ಲೀಚಿಂಗ್ ಪುಡಿಯಿಂದ ತೊಳೆದೆವು.

ಬಿರುಕನ್ನು ಮುಚ್ಚಲು ನಾನು ಆತುರಪಟ್ಟೆ. ಗೌಂಡಿ ಒಪ್ಪಲಿಲ್ಲ. “ಒಂದು ಬ್ಯಾಸಿಗಿ, ಒಂದು ಮಳಿ ನೋಡ್ರಿ ಸರ. ಮಣ್ಣು ತನ್ನ ಜಾಗಕ್ಕ ಬರಲಿ.” ಉಬ್ಬಿದ ಮಣ್ಣು ಒಣಗಿ ಕುಗ್ಗುವ ತನಕ ಗೋಡೆ ಕದಲುತ್ತಿರುತ್ತದೆ. ಬಿರುಕಿನ ತುದಿಯಲ್ಲಿ ಪೆನ್ಸಿಲಿನಿಂದ ಗೆರೆಯೆಳೆದು ತಾರೀಖು ಬರೆದೆವು.

ವರ್ಷ ಕಳೆಯಿತು, ಬಿರುಕು ಗೆರೆಯನ್ನು ದಾಟಲಿಲ್ಲ. ಮಗಳೂ ಮೈಗೂಡಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ. ಈಗಲೂ ತಿಂಗಳಿಗೊಮ್ಮೆ ನೀರು ಬಿಟ್ಟಾಗ ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರಿನ ಮುಳ್ಳನ್ನು ನೋಡುತ್ತೇನೆ. ಐದು ನಿಮಿಷದ ಕೆಲಸ. ವಾಚಕರೂ ಇಂದೇ ಒಮ್ಮೆ ನೋಡಬಾರದೇಕೆ?